ಹೈಸ್ಮನ್ 2024: ಹಂಟರ್‌ಗೆ ಸರಿಯಾಗಿ ಸಿಕ್ಕಿತಾ, ಜೆಂಟಿಗೆ ಸಿಗಬೇಕಿತ್ತಾ?

ಫ್ರಿಸ್ಕೋ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವ ಕನ್ನಡಿಗರು ಈಗ ಸುಮಾರು ಜನ ಇದ್ದೀರಿ. ನಿಮ್ಮ ಅಭಿಪ್ರಾಯ ಬೇಕು.

2024ರ ಹೈಸ್ಮನ್ ಟ್ರೋಫಿ, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ, ಕೊಲರಾಡೋದ ಟ್ರಾವಿಸ್ ಹಂಟರ್‌ಗೆ ಹೋಯಿತು. ಅದು ಬೋಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿಗೆ ಸಲ್ಲಬೇಕಿತ್ತು ಅನ್ನುವುದು ನನ್ನ ಗಟ್ಟಿ ನಂಬಿಕೆ. ಜೆಂಟಿ ನಾನಿರುವ ಊರಿನ ಲೋನ್ ಸ್ಟಾರ್ ಹೈಸ್ಕೂಲಿನಲ್ಲಿ ಓದಿದ ಹುಡುಗ. ಹಾಗಾಗಿ ಪ್ರೀತಿ ಸ್ವಲ್ಪ ಜಾಸ್ತಿ ಇದೆ. ಆದರೆ ಪ್ರೀತಿಯನ್ನು ಪಕ್ಕಕ್ಕಿಟ್ಟು ಅಂಕಿಗಳನ್ನಷ್ಟೇ ನೋಡಿ.

ಮತ ಹಾಕುವ ಹೊತ್ತಿಗೆ ಜೆಂಟಿ 344 ಸಲ ಚೆಂಡು ಹಿಡಿದು ಓಡಿದ್ದ. ಗಳಿಸಿದ್ದು 2,497 ಯಾರ್ಡ್, 29 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿ ಅಂಕ ಗಳಿಸುವುದು). ಅಂದರೆ ಪ್ರತಿ ಸಲ ಏಳು ಯಾರ್ಡ್‌ಗಿಂತ ಹೆಚ್ಚು. ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಒಬ್ಬ ಸರಾಸರಿ ಐದು ಯಾರ್ಡ್ ಓಡಿದರೇ ಒಳ್ಳೆಯ ಆಟ ಅನ್ನುತ್ತೇವೆ. ಇವನು ಇಡೀ ಋತು ಏಳು ಓಡಿದ. ಅದೂ ಎದುರಾಳಿಗಳಿಗೆಲ್ಲ ಚೆಂಡು ಇವನ ಕೈಗೇ ಬರುತ್ತದೆ ಅಂತ ಮೊದಲೇ ಗೊತ್ತಿರುವಾಗ! ಏಳು, ಎಂಟು ಜನ ಮುಂದೆ ಬಂದು ದಾರಿ ಕಟ್ಟಿ ನಿಲ್ಲುತ್ತಿದ್ದರು. ಅವನು ಅವರಿಗೆ ಡಿಕ್ಕಿ ಹೊಡೆದು, ಕೊಡವಿಕೊಂಡು ಮುಂದೆ ಹೋಗುತ್ತಿದ್ದ. ಇಡೀ ಋತುವಿನಲ್ಲಿ ಅವನು ತಪ್ಪಿಸಿಕೊಂಡ ಟ್ಯಾಕಲ್‌ಗಳು (ಹಿಡಿದು ಕೆಡವುವ ಯತ್ನಗಳು) ನೂರಕ್ಕೂ ಹೆಚ್ಚು. ಅವನ ಯಾರ್ಡ್‌ಗಳಲ್ಲಿ ಬಹುಪಾಲು ಎದುರಾಳಿಯ ಮೈ ತಾಗಿದ ಮೇಲೆ ಬಂದವು. ಅಂದರೆ ಮುಂದಿನ ಸಾಲಿನವರು ತೆರೆದುಕೊಟ್ಟ ದಾರಿಗಿಂತ ಅವನೇ ಮಾಡಿಕೊಂಡ ದಾರಿ ದೊಡ್ಡದು.

ತಂಡದ ಫಲಿತಾಂಶವೂ ನೋಡಿ. ಬೋಯ್ಸಿ ಸ್ಟೇಟ್ 12 ಗೆಲುವು, 1 ಸೋಲು. ಮೌಂಟನ್ ವೆಸ್ಟ್ ಕಾನ್ಫರೆನ್ಸ್ (ಕಾಲೇಜು ತಂಡಗಳ ಗುಂಪು) ಚಾಂಪಿಯನ್. ರಾಷ್ಟ್ರೀಯ ಚಾಂಪಿಯನ್ ಆರಿಸುವ 12 ತಂಡಗಳ ಪ್ಲೇಆಫ್‌ನಲ್ಲಿ ಮೂರನೇ ಶ್ರೇಯಾಂಕ. ಕೊಲರಾಡೋ 9 ಗೆಲುವು, 3 ಸೋಲು. ಪ್ಲೇಆಫ್ ಇರಲಿ, ತನ್ನ ಕಾನ್ಫರೆನ್ಸ್‌ನ ಫೈನಲ್‌ಗೂ ಬರಲಿಲ್ಲ.

ಬೌಲ್ಡರ್ ವಾಸಿ

ಅಂಕಿಗಳಲ್ಲಿ ತಕರಾರಿಲ್ಲ ಸರ್. ಆದರೆ ನೀವು ಒಂದು ಕೆಲಸ ಮಾಡಿದವನನ್ನೂ ಎರಡು ಕೆಲಸ ಮಾಡಿದವನನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತಿದ್ದೀರಿ. ನಾನು ಇಲ್ಲಿ ಫಾಲ್ಸಮ್ ಫೀಲ್ಡ್‌ನಲ್ಲಿ ಕೂತು ಹಂಟರ್ ಆಟ ನೋಡಿದ್ದೇನೆ. ಟಿವಿಯಲ್ಲಿ ಅದು ಪೂರ್ತಿ ಕಾಣುವುದಿಲ್ಲ. ಟಿವಿ ಚೆಂಡಿನ ಹಿಂದೆ ಹೋಗುತ್ತದೆ. ಕ್ರೀಡಾಂಗಣದಲ್ಲಿ ಕೂತರೆ ನೀವು ಆ ಹುಡುಗನ ಹಿಂದೆ ಹೋಗಬಹುದು.

ಕೊಲರಾಡೋ ಬಳಿ ಚೆಂಡಿದ್ದಾಗ ಅವನು ವೈಡ್ ರಿಸೀವರ್, ಎಸೆದ ಚೆಂಡು ಹಿಡಿಯುವವನು. ಅಂಕ ಬರುತ್ತದೆ, ಉಳಿದ ಹತ್ತು ಜನ ಬೆಂಚಿಗೆ ಹೋಗಿ ನೀರು ಕುಡಿಯುತ್ತಾರೆ. ಅವನು ಮಾತ್ರ ಮತ್ತೆ ಮೈದಾನಕ್ಕೆ, ಈಗ ಕಾರ್ನರ್‌ಬ್ಯಾಕ್, ಎದುರಾಳಿ ರಿಸೀವರ್‌ನನ್ನು ಕಾಯುವವನು. ಈ ಊರು ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ. ಹೊರಗಿನಿಂದ ಬಂದ ತಂಡಗಳು ಮೂರನೇ ಕ್ವಾರ್ಟರ್‌ಗೆ ಏದುಸಿರು ಬಿಡುತ್ತವೆ. ಇವನು ಒಂದು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಸ್ನ್ಯಾಪ್ (ಚೆಂಡು ಆಟಕ್ಕೆ ಬಂದ ಒಂದೊಂದು ಸಲ) ಆಡುತ್ತಿದ್ದ. ಋತುವಿಗೆ 1,300ಕ್ಕೂ ಹೆಚ್ಚು. ಬೇರೆ ಯಾವ ಪೂರ್ಣಾವಧಿ ಆಟಗಾರನಿಗೂ ಅದರ ಅರ್ಧ, ಸ್ವಲ್ಪ ಹೆಚ್ಚು ಸಿಕ್ಕರೇ ದೊಡ್ಡದು.

ಸುಮ್ನೆ ಓಡಾಡಿಕೊಂಡಿದ್ದನಾ? 92 ಕ್ಯಾಚ್, 1,152 ಯಾರ್ಡ್, 14 ಟಚ್‌ಡೌನ್. ಆ ಕಡೆ ರಕ್ಷಣೆಯಲ್ಲಿ 4 ಇಂಟರ್ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ಕಸಿದದ್ದು), ತಡೆದ ಪಾಸ್‌ಗಳು 11. ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿಯೂ ಅವನಿಗೆ, ಅತ್ಯುತ್ತಮ ರಕ್ಷಣಾ ಆಟಗಾರನ ಬೆಡ್ನಾರಿಕ್ ಪ್ರಶಸ್ತಿಯೂ ಅವನಿಗೆ. ಇವೆರಡನ್ನೂ ಗೆದ್ದವರು ಹಿಂದೆ ಯಾರೂ ಇಲ್ಲ. ಇದಕ್ಕಿಂತ ಇನ್ನೇನು ಬೇಕು?

ಹಾಸನದ ಹುಡುಗ

ನಾನು ಈ ಆಟಕ್ಕೆ ಹೊಸಬ. ಬೆಳಗ್ಗೆ ಎದ್ದು ಮುಖ್ಯಾಂಶ ಮಾತ್ರ ನೋಡುತ್ತೇನೆ. ಒಂದು ಪ್ರಶ್ನೆ. ಕ್ರಿಕೆಟ್‌ನಲ್ಲಿ ಆಲ್‌ರೌಂಡರ್ ಅಂದರೆ ನಮಗೆ ಹೊಸದಲ್ಲ. ಬ್ಯಾಟಿಂಗೂ ಮಾಡುತ್ತಾರೆ, ಬೌಲಿಂಗೂ ಮಾಡುತ್ತಾರೆ. ಇಲ್ಲಿ ಎರಡೂ ಕಡೆ ಆಡಿದ್ದನ್ನು ಅಷ್ಟೊಂದು ದೊಡ್ಡದು ಅನ್ನುವುದು ಯಾಕೆ?

ಹಳೇ ಪುಟ

ಒಳ್ಳೆಯ ಪ್ರಶ್ನೆ ತಮ್ಮ. ಕ್ರಿಕೆಟ್‌ನಲ್ಲಿ ಹನ್ನೊಂದು ಜನಕ್ಕೂ ಬ್ಯಾಟಿಂಗ್ ಬರಲೇಬೇಕು, ನಿಯಮವೇ ಹಾಗಿದೆ. ಫುಟ್‌ಬಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು. ಹಾಗಾಗಿ ಪ್ರತಿ ತಂಡದಲ್ಲೂ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ ಇರುತ್ತದೆ. ಎರಡಕ್ಕೂ ಬೇರೆ ಕೋಚ್, ಬೇರೆ ತರಬೇತಿ, ಬೇರೆ ಮೀಟಿಂಗ್, ಬೇರೆ ಪ್ಲೇಬುಕ್. ರಿಸೀವರ್‌ಗೆ ತಾನು ಎಲ್ಲಿ ಓಡಬೇಕು ಅಂತ ಗೊತ್ತಿರುತ್ತದೆ. ಕಾರ್ನರ್‌ಬ್ಯಾಕ್‌ಗೆ ಗೊತ್ತಿರುವುದಿಲ್ಲ, ಎದುರಿನವನ ಸೊಂಟ ನೋಡಿ ಹಿಂದಕ್ಕೆ ಓಡುತ್ತಲೇ ಊಹಿಸಬೇಕು. ಎರಡಕ್ಕೂ ಬೇಕಾದ ಬುದ್ಧಿಯೇ ಬೇರೆ.

ಮೊದಲು ಹೀಗಿರಲಿಲ್ಲ. ಹೈಸ್ಮನ್ ಶುರುವಾದ 1935ರಲ್ಲಿ ಎಲ್ಲರೂ ಎರಡೂ ಕಡೆ ಆಡುತ್ತಿದ್ದರು. ಮೊದಲ ವಿಜೇತ ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಕೂಡ ಹಾಗೇ. 1940ರ ದಶಕದಲ್ಲಿ ಬದಲಿ ಆಟಗಾರರ ನಿಯಮ ಸಡಿಲವಾಯಿತು. 1953ರಲ್ಲಿ ಮತ್ತೆ ಬಿಗಿ ಮಾಡಿದರು. 1960ರ ದಶಕದ ನಡುವೆ ಪೂರ್ತಿ ಬಿಟ್ಟರು. ಅಲ್ಲಿಂದ ಈಚೆಗೆ ಎರಡೂ ಕಡೆ ಆಡುವವರು ಹೆಚ್ಚು ಕಡಿಮೆ ಇಲ್ಲವೇ ಇಲ್ಲ ಅನ್ನಬಹುದು. ಹಂಟರ್ ಗೆದ್ದ ರಕ್ಷಣಾ ಪ್ರಶಸ್ತಿ ಯಾರ ಹೆಸರಿನದು ಗೊತ್ತಾ? ಚಕ್ ಬೆಡ್ನಾರಿಕ್. 1960ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಚಾಂಪಿಯನ್ ಆದಾಗ ಸೆಂಟರ್ ಆಗಿಯೂ ಲೈನ್‌ಬ್ಯಾಕರ್ ಆಗಿಯೂ ಆಡಿದವರು. ವೃತ್ತಿಪರ ಆಟದಲ್ಲಿ ಆ ಪೀಳಿಗೆಯ ಕೊನೆಯವರು ಅಂತ ಅವರನ್ನು ನೆನೆಯುತ್ತಾರೆ.

1997ರಲ್ಲಿ ಮಿಶಿಗನ್‌ನ ಚಾರ್ಲ್ಸ್ ವುಡ್ಸನ್ ಟೆನೆಸ್ಸಿಯ ಪೇಟನ್ ಮ್ಯಾನಿಂಗ್‌ನನ್ನು ಹಿಂದೆ ಹಾಕಿ ಹೈಸ್ಮನ್ ಗೆದ್ದ. ಮುಖ್ಯವಾಗಿ ರಕ್ಷಣೆಯ ಆಟಗಾರನೊಬ್ಬ ಗೆದ್ದದ್ದು ಅದೊಂದೇ ಸಲ. ವುಡ್ಸನ್ ದಾಳಿಯಲ್ಲೂ ಆಡುತ್ತಿದ್ದ, ಆದರೆ ಪಂದ್ಯಕ್ಕೆ ಒಂದಷ್ಟು ಪ್ಲೇ ಅಷ್ಟೇ. 1998ರಲ್ಲಿ ಜಾರ್ಜಿಯಾದ ಚಾಂಪ್ ಬೇಲಿ ಅದಕ್ಕಿಂತ ಹೆಚ್ಚು ಆಡಿದ, 47 ಕ್ಯಾಚ್ ಹಿಡಿದ. ಹಂಟರ್ ಹಿಡಿದದ್ದು ಅದರ ಎರಡರಷ್ಟು. ಹಾಗಾಗಿ ಅವನು ಮಾಡಿದ್ದಕ್ಕೆ ನಮ್ಮ ಕಾಲದಲ್ಲಿ ಜೊತೆಗಿಟ್ಟು ನೋಡಲು ಇನ್ನೊಂದು ಉದಾಹರಣೆ ಇಲ್ಲ.

ಫ್ರಿಸ್ಕೋ ಕನ್ನಡಿಗ

ಹಳೇ ಪುಟ ಅವರೇ, ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಆದರೆ ನನ್ನ ತಕರಾರು ಇರುವುದೂ ಅಲ್ಲೇ. ಯಾರೂ ಮಾಡದ್ದನ್ನು ಮಾಡಿದ ಅನ್ನುವುದಕ್ಕೇ ಈ ಪ್ರಶಸ್ತಿ ಕೊಡುವುದಾದರೆ, 2015 ನೆನಪಿಸಿಕೊಳ್ಳಿ.

ಆ ವರ್ಷ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಓಡಿದ, ಕ್ಯಾಚ್ ಹಿಡಿದ, ಕಿಕ್ ಹಿಂತಿರುಗಿಸಿದ. ಎಲ್ಲ ಸೇರಿ ಯಾರ್ಡ್‌ಗಳಲ್ಲಿ 1988ರಿಂದ ನಿಂತಿದ್ದ ಬ್ಯಾರಿ ಸ್ಯಾಂಡರ್ಸ್ ದಾಖಲೆ ಮುರಿದ. ಆದರೂ ಟ್ರೋಫಿ ಅಲಬಾಮಾದ ಡೆರಿಕ್ ಹೆನ್ರಿಗೆ ಹೋಯಿತು. ಕಾರಣ? ಹೆನ್ರಿ ಒಂದೇ ಕೆಲಸ ಮಾಡಿದ, ಆದರೆ ಅದನ್ನು ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ, ಅವನ ತಂಡ ಮೇಲಿತ್ತು. ಅದೇ ಅಳತೆ 2024ರಲ್ಲಿ ಇಟ್ಟಿದ್ದರೆ ಜೆಂಟಿ ಗೆಲ್ಲಬೇಕಿತ್ತು, ಅಲ್ವಾ? ಹೆನ್ರಿ ಗೆದ್ದಾಗ ಒಂದು ಕೆಲಸ ಸಾಕು, ಜೆಂಟಿ ಬಂದಾಗ ಎರಡು ಬೇಕು. ಇದೆಂಥ ನ್ಯಾಯ?

ನನಗೆ ಕಾಣುವ ವ್ಯತ್ಯಾಸ ಒಂದೇ. ಹೆನ್ರಿ ಅಲಬಾಮಾದವನು. ಜೆಂಟಿ ಮೌಂಟನ್ ವೆಸ್ಟ್‌ನವನು. ದೊಡ್ಡ ಕಾನ್ಫರೆನ್ಸ್‌ಗಳ ಹೊರಗಿನಿಂದ ಕೊನೆಯದಾಗಿ ಗೆದ್ದವನು 1990ರಲ್ಲಿ ಬಿವೈಯುನ (ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ) ಟೈ ಡೆಟ್ಮರ್. 1992ರಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್‌ನ ಮಾರ್ಷಲ್ ಫಾಕ್ ಎರಡನೇ ಸ್ಥಾನ. ಪಶ್ಚಿಮದ ಸಣ್ಣ ಕಾಲೇಜಿನ ಹುಡುಗನಿಗೆ ಎರಡನೆಯದೇ ಗಟ್ಟಿ ಅನ್ನುವ ಹಾಗಿದೆ.

ಬೌಲ್ಡರ್ ವಾಸಿ

ಮೆಕ್ಯಾಫ್ರಿ ಉದಾಹರಣೆ ನನ್ನ ಪರವಾಗಿಯೇ ಇದೆ ಸರ್. 2015ರಲ್ಲಿ ಆದದ್ದು ತಪ್ಪು ಅಂತ ಇವತ್ತು ಎಷ್ಟು ಜನ ಹೇಳುವುದಿಲ್ಲ! ಒಮ್ಮೆ ತಪ್ಪು ಅಳತೆ ಇಟ್ಟರು ಅಂತ ಪ್ರತಿ ಸಲ ಅದನ್ನೇ ಇಡಬೇಕಾ?

ಎದುರಾಳಿಗಳ ಮಾತೂ ಬರಬೇಕು. ಮೌಂಟನ್ ವೆಸ್ಟ್‌ನ ರಕ್ಷಣಾ ಪಡೆಗಳು ಎಷ್ಟು ಗಟ್ಟಿ? ಹಂಟರ್ ವಾರವಾರವೂ ಬಿಗ್ 12 ಕಾನ್ಫರೆನ್ಸ್‌ನ ತಂಡಗಳ ಎದುರು ಆಡಿದ. ಅಲ್ಲಿಯ ರಿಸೀವರ್‌ಗಳನ್ನು ಒಬ್ಬನೇ ಕಾದ. ಅವನು ಇದ್ದ ಕಡೆಗೆ ಚೆಂಡು ಎಸೆಯಲು ಕ್ವಾರ್ಟರ್‌ಬ್ಯಾಕ್‌ಗಳು ಹಿಂಜರಿಯುತ್ತಿದ್ದರು. ಮೈದಾನದ ಮೂರನೇ ಒಂದು ಭಾಗ ಸುಮ್ಮನೆ ಮುಚ್ಚಿಹೋದ ಹಾಗೆ. ಬಾರದ ಪಾಸ್‌ಗೆ ಅಂಕಿಪಟ್ಟಿಯಲ್ಲಿ ಜಾಗ ಇಲ್ಲ. ಹಾಗಾಗಿ ಅವನ ನಿಜವಾದ ಕೆಲಸದ ಅರ್ಧ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಫ್ರಿಸ್ಕೋ ಕನ್ನಡಿಗ

ಎದುರಾಳಿ ಅಂದಿರಲ್ಲ, ಆರೆಗನ್ ಪಂದ್ಯ ನೋಡಿ. ಸೆಪ್ಟೆಂಬರ್‌ನಲ್ಲಿ ಆರೆಗನ್‌ನ ಮನೆಯಂಗಳದಲ್ಲಿ ಆಡಿದರು. ಆಮೇಲೆ ಬಿಗ್ ಟೆನ್ ಕಾನ್ಫರೆನ್ಸ್ ಗೆದ್ದು, ಒಂದೂ ಸೋಲಿಲ್ಲದೆ ಪ್ಲೇಆಫ್‌ಗೆ ಮೊದಲ ಶ್ರೇಯಾಂಕದಲ್ಲಿ ಹೋದ ತಂಡ ಅದು. ಅವರ ಎದುರು ಜೆಂಟಿ 192 ಯಾರ್ಡ್, 3 ಟಚ್‌ಡೌನ್. ಬೋಯ್ಸಿ ಸೋತದ್ದು 37-34ರಿಂದ, ಕೊನೆಯ ಕಿಕ್‌ನಲ್ಲಿ. ಇಡೀ ನಿಯಮಿತ ಋತುವಿನಲ್ಲಿ ಅವರ ಒಂದೇ ಸೋಲು ಅದು. ದುರ್ಬಲ ತಂಡಗಳ ಎದುರು ಮಾತ್ರ ಓಡಿದ ಅನ್ನುವ ಮಾತು ಅಲ್ಲಿಗೇ ನಿಲ್ಲಬೇಕು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ದುರ್ಬಲ ತಂಡಗಳ ಎದುರು ಅವನು ಪೂರ್ತಿ ಆಡಲೇ ಇಲ್ಲ. ಪೋರ್ಟ್‌ಲ್ಯಾಂಡ್ ಸ್ಟೇಟ್, ಯುಟಾ ಸ್ಟೇಟ್ ಪಂದ್ಯಗಳಲ್ಲಿ ಮೊದಲರ್ಧ ಮುಗಿಯುತ್ತಲೇ ಅವನನ್ನು ಕೂರಿಸಿದರು. ಪೂರ್ತಿ ಆಡಿಸಿದ್ದರೆ ದಾಖಲೆ ಯಾವಾಗಲೋ ಮುರಿಯುತ್ತಿತ್ತು.

ಅಂಕಿ ಲೆಕ್ಕ

ನಾನು ಯಾರ ಪರವೂ ಬಂದಿಲ್ಲ. ಮತಗಳ ಲೆಕ್ಕ ಮಾತ್ರ ಹಾಕುತ್ತೇನೆ, ಅದರಲ್ಲೊಂದು ಸ್ವಾರಸ್ಯ ಇದೆ.

ಮತ ಹಾಕುವವರು 900ಕ್ಕೂ ಹೆಚ್ಚು ಜನ. ದೇಶವನ್ನು ಆರು ವಲಯ ಮಾಡಿದ್ದಾರೆ. ಪ್ರತಿ ವಲಯದಿಂದ 145 ಪತ್ರಕರ್ತರು, ಅಲ್ಲಿಗೆ 870. ಜೊತೆಗೆ ಹಳೆಯ ವಿಜೇತರು. ಅಭಿಮಾನಿಗಳೆಲ್ಲ ಸೇರಿ ಒಂದು ಮತ. ಪ್ರತಿಯೊಬ್ಬರೂ ಮೂರು ಹೆಸರು ಬರೆಯುತ್ತಾರೆ. ಮೊದಲ ಹೆಸರಿಗೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1.

ಹಂಟರ್: ಮೊದಲ ಸ್ಥಾನ 552, ಎರಡನೆಯದು 251, ಮೂರನೆಯದು 73. ಒಟ್ಟು 2,231 ಅಂಕ.
ಜೆಂಟಿ: ಮೊದಲ ಸ್ಥಾನ 309, ಎರಡನೆಯದು 517, ಮೂರನೆಯದು 56. ಒಟ್ಟು 2,017 ಅಂಕ.

ಅಂತರ 214. 2009ರಲ್ಲಿ ಮಾರ್ಕ್ ಇಂಗ್ರಮ್ ಬರೀ 28 ಅಂಕದಿಂದ ಟೋಬಿ ಗರ್ಹಾರ್ಟ್‌ನನ್ನು ಸೋಲಿಸಿದ ಮೇಲೆ ಇಷ್ಟು ಹತ್ತಿರದ ಸ್ಪರ್ಧೆ ಬಂದಿರಲಿಲ್ಲ. ಮೂರನೇ ಸ್ಥಾನದ ಆರೆಗನ್ ಕ್ವಾರ್ಟರ್‌ಬ್ಯಾಕ್ ಡಿಲನ್ ಗೇಬ್ರಿಯಲ್‌ಗೆ 516. ಅಂದರೆ ಇಬ್ಬರ ನಡುವಿನ ಸ್ಪರ್ಧೆಯೇ.

ಈಗ ಆ ಮೂರೂ ಸ್ಥಾನಗಳನ್ನು ಕೂಡಿ. ಹಂಟರ್ ಹೆಸರು 876 ಮತಪತ್ರಗಳಲ್ಲಿತ್ತು. ಜೆಂಟಿ ಹೆಸರು 882ರಲ್ಲಿ. ಮೂವರಲ್ಲಿ ಒಬ್ಬ ಅಂತ ಜೆಂಟಿಯನ್ನು ಒಪ್ಪಿದವರೇ ಆರು ಜನ ಹೆಚ್ಚು. ಹಾಗಾಗಿ ಸಣ್ಣ ಕಾಲೇಜು ಅಂತ ಅವನನ್ನು ಕಡೆಗಣಿಸಿದರು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲರೂ ನೋಡಿದ್ದಾರೆ, ಎಲ್ಲರೂ ಮೆಚ್ಚಿದ್ದಾರೆ. ಇಬ್ಬರಲ್ಲಿ ಯಾರು ಮೊದಲು ಅನ್ನುವಾಗ ಹಂಟರ್ ಕಡೆ ವಾಲಿದ್ದಾರೆ.

ಕೊಲಂಬಸ್ ಅಕ್ಕ

ಮಗಳು ಓಹಾಯೋ ಸ್ಟೇಟ್ ಸೇರಿದಾಗಿನಿಂದ ನನಗೂ ಈ ಹುಚ್ಚು ಹಿಡಿದಿದೆ. ಆರ್ಚಿ ಗ್ರಿಫಿನ್ ಆಡಿದ ಊರು ಇದು. 1974, 1975, ಎರಡು ಸಲ ಹೈಸ್ಮನ್ ಗೆದ್ದವರು ಅವರೊಬ್ಬರೇ. ಅವರೂ ರನ್ನಿಂಗ್ ಬ್ಯಾಕ್. ಈ ಪ್ರಶಸ್ತಿ ಒಂದು ಕಾಲಕ್ಕೆ ರನ್ನಿಂಗ್ ಬ್ಯಾಕ್‌ಗಳ ಸ್ವತ್ತಿನಂತೆ ಇತ್ತು. 2000ದ ಈಚೆಗೆ ನೋಡಿದರೆ ರೆಗ್ಗಿ ಬುಷ್, ಇಂಗ್ರಮ್, ಹೆನ್ರಿ, ಮೂವರೇ. ಉಳಿದದ್ದು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ಗಳದ್ದು. ಹಾಗಾಗಿ ಈ ಇಬ್ಬರಲ್ಲಿ ಯಾರು ಗೆದ್ದಿದ್ದರೂ ನನಗೆ ಸಂತೋಷವೇ.

ಆದರೆ ತಂಡದ ಗೆಲುವನ್ನು ತಕ್ಕಡಿಗೆ ಹಾಕಬೇಡಿ ತಮ್ಮ. 1956ರಲ್ಲಿ ನಾಟ್ರ ಡೇಮ್‌ನ ಪಾಲ್ ಹಾರ್ನುಂಗ್ ಹೈಸ್ಮನ್ ಗೆದ್ದಾಗ ಅವರ ತಂಡ ಗೆದ್ದದ್ದು ಎರಡು ಪಂದ್ಯ, ಸೋತದ್ದು ಎಂಟು! ಅದೇ ವರ್ಷ ಸಿರಾಕ್ಯೂಸ್‌ನ ಜಿಮ್ ಬ್ರೌನ್ ಐದನೇ ಸ್ಥಾನದಲ್ಲಿದ್ದರು. ಜಿಮ್ ಬ್ರೌನ್! ತಂಡದ ಹೆಸರು, ಚರ್ಮದ ಬಣ್ಣ, ಪತ್ರಿಕೆಗಳ ಪ್ರಚಾರ, ಇವೆಲ್ಲ ಸೇರಿ ಎಂಥ ಅನ್ಯಾಯ ಮಾಡಬಲ್ಲವು ಅನ್ನುವುದಕ್ಕೆ ನನಗೆ ಯಾವತ್ತೂ ನೆನಪಾಗುವುದು ಅದು. 2024ರದ್ದು ಆ ಥರದ ಅನ್ಯಾಯ ಅಲ್ಲವೇ ಅಲ್ಲ.

ಹಾಸನದ ಹುಡುಗ

ಅಕ್ಕ ಹೇಳಿದ್ದು ಸರಿ ಅನಿಸಿತು. ಫ್ರಿಸ್ಕೋ ಸರ್ ದಾಖಲೆ ಮುರಿಯುತ್ತಿತ್ತು ಅಂದಿದ್ದು ಯಾವುದು?

ಫ್ರಿಸ್ಕೋ ಕನ್ನಡಿಗ

ಬ್ಯಾರಿ ಸ್ಯಾಂಡರ್ಸ್ ಅವರ ಓಟದ ಯಾರ್ಡ್‌ಗಳ ದಾಖಲೆ. ಓಕ್ಲಹೋಮ ಸ್ಟೇಟ್, 1988. ಒಂದೇ ಋತುವಿನಲ್ಲಿ 2,628 ಯಾರ್ಡ್, 37 ಟಚ್‌ಡೌನ್. ಹೈಸ್ಮನ್ ಘೋಷಣೆ ಆದಾಗ ಅವರು ಪಂದ್ಯಕ್ಕಾಗಿ ಟೋಕಿಯೋದಲ್ಲಿದ್ದರು.

ಮತ ಹಾಕುವ ಹೊತ್ತಿಗೆ ಜೆಂಟಿಗೆ ಅದನ್ನು ಮುರಿಯಲು ಇನ್ನು 132 ಯಾರ್ಡ್ ಬೇಕಿತ್ತು. ಫಿಯೆಸ್ಟಾ ಬೌಲ್‌ನಲ್ಲಿ ಪೆನ್ ಸ್ಟೇಟ್ ಎದುರು 104 ಓಡಿದ. 2,601ಕ್ಕೆ ನಿಂತ. ಸಾರ್ವಕಾಲಿಕ ಪಟ್ಟಿಯಲ್ಲಿ ಎರಡನೆಯವನು. 36 ವರ್ಷ ಯಾರೂ ಅಷ್ಟು ಹತ್ತಿರ ಹೋಗಿರಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಒಂದೊಂದು ಯಾರ್ಡ್ ಎಣಿಸುತ್ತಾ ಕೂತಿದ್ದೆವು. ಅದು ಕೈತಪ್ಪಿದ್ದು ನನಗೆ ಹೈಸ್ಮನ್‌ಗಿಂತ ಹೆಚ್ಚು ನೋವು ಕೊಟ್ಟಿತು.

ಹಳೇ ಪುಟ

ದಾಖಲೆ ವಿಚಾರ ಬಂದಾಗ ನ್ಯಾಯವಾಗಿ ಇದನ್ನೂ ಹೇಳಬೇಕು. ಸ್ಯಾಂಡರ್ಸ್ 2,628 ಓಡಿದ್ದು 11 ಪಂದ್ಯಗಳಲ್ಲಿ. ಜೆಂಟಿ ಆಡಿದ್ದು 14. ಆಗ ಬೌಲ್ ಪಂದ್ಯದ (ನಿಯಮಿತ ಋತು ಮುಗಿದ ಮೇಲಿನ ಪಂದ್ಯ) ಅಂಕಿಗಳನ್ನು ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಿಡಿಯಲು ಶುರು ಮಾಡಿದ್ದು 2002ರಿಂದ. ಹಾಲಿಡೇ ಬೌಲ್‌ನಲ್ಲಿ ಸ್ಯಾಂಡರ್ಸ್ ಓಡಿದ 222 ಯಾರ್ಡ್ ಸೇರಿಸಿದರೆ 2,850 ಆಗುತ್ತದೆ. ನನಗೆ ಬಹಳ ಹಿಡಿಸಿದ ಹೋಲಿಕೆ ಇನ್ನೊಂದು. ಸ್ಯಾಂಡರ್ಸ್ ಆ ಋತುವಿನಲ್ಲಿ ಚೆಂಡು ಹಿಡಿದು ಓಡಿದ್ದು 344 ಸಲ. ಮತದಾನದ ಹೊತ್ತಿಗೆ ಜೆಂಟಿ ಓಡಿದ್ದೂ 344 ಸಲ. ಸಮಸಮ ಅವಕಾಶದಲ್ಲಿ ಸ್ಯಾಂಡರ್ಸ್ 131 ಯಾರ್ಡ್ ಮುಂದೆ. ಅಷ್ಟೇ ಅಂತರ! ಸ್ಯಾಂಡರ್ಸ್ ಪಕ್ಕದಲ್ಲಿ ನಿಲ್ಲಿಸಿ ಅಳೆಯಬಹುದು ಅನ್ನುವುದೇ ಜೆಂಟಿಗೆ ಸಂದ ದೊಡ್ಡ ಗೌರವ.

ಬೌಲ್ಡರ್ ವಾಸಿ

ಇದನ್ನು ನಾನೂ ಮನಸಾರೆ ಒಪ್ಪುತ್ತೇನೆ. ಆದರೆ ನನ್ನ ಮತ ಬದಲಾಗುವುದಿಲ್ಲ. ಕಾರಣ ಬೇಲರ್ ಪಂದ್ಯ.

ಸೆಪ್ಟೆಂಬರ್ 21. ಕೊಲರಾಡೋ ಏಳು ಅಂಕ ಹಿಂದೆ, ಕೊನೆಯ ಪ್ಲೇ. ಕ್ವಾರ್ಟರ್‌ಬ್ಯಾಕ್ ಶಡೂರ್ ಸ್ಯಾಂಡರ್ಸ್ ಉದ್ದಕ್ಕೆ ಎಸೆದ, ಲಜಾಂಟೆ ವೆಸ್ಟರ್ ಹಿಡಿದ. 31-31. ಓವರ್‌ಟೈಮ್‌ನಲ್ಲಿ ಕೊಲರಾಡೋ 38-31. ಈಗ ಬೇಲರ್ ಗೋಲ್ ಲೈನ್ ಹತ್ತಿರ ಬಂದಿದೆ. ಅವರ ರನ್ನಿಂಗ್ ಬ್ಯಾಕ್ ಒಳಗೆ ನುಗ್ಗುತ್ತಿದ್ದಾನೆ. ಹಂಟರ್ ಓಡಿ ಬಂದು ಹೊಡೆದ ಏಟಿಗೆ ಚೆಂಡು ಕೈಜಾರಿತು. ಪಂದ್ಯ ಮುಗಿಯಿತು. ರಾತ್ರಿಯಿಡೀ ರಿಸೀವರ್ ಆಗಿ ಓಡಿದ ಕಾಲುಗಳು ಅವು. ಅಷ್ಟು ಸ್ನ್ಯಾಪ್ ಆದ ಮೇಲೆ ತನಗಿಂತ ತೂಕದವನನ್ನು ಗೋಲ್ ಲೈನ್‌ನಲ್ಲಿ ತಡೆಯುವ ಕೆಲಸ ಅವನಿಗೇ ಬಂತು, ಅವನೇ ಮಾಡಿದ.

ಮುಂದೆ ಕಾನ್ಸಸ್ ಸ್ಟೇಟ್ ಪಂದ್ಯದಲ್ಲಿ ಭುಜಕ್ಕೆ ಪೆಟ್ಟಾಗಿ ಹೊರಗೆ ಕೂತ. ಕೊಲರಾಡೋ 31-28ರಿಂದ ಸೋತಿತು. ಒಬ್ಬ ಹೊರಗೆ ಹೋದರೆ ಒಂದೇ ಸಲಕ್ಕೆ ಇಬ್ಬರು ಹೋದ ಹಾಗೆ. ನವೆಂಬರ್ ಕೊನೆಗೆ ಓಕ್ಲಹೋಮ ಸ್ಟೇಟ್ ಎದುರು 10 ಕ್ಯಾಚ್, 116 ಯಾರ್ಡ್, 3 ಟಚ್‌ಡೌನ್, ಒಂದು ಇಂಟರ್ಸೆಪ್ಷನ್. 52-0. ಮತಪತ್ರ ಬರೆಯುವವರು ಕೊನೆಗೆ ನೋಡಿದ ಹಂಟರ್ ಇವನು.

ಫ್ರಿಸ್ಕೋ ಕನ್ನಡಿಗ

ನೀವು ಬೇಲರ್ ಬಗ್ಗೆ ಬರೆದದ್ದು ಓದಿ ಮತ್ತೆ ಆ ಪ್ಲೇ ನೋಡಿ ಬಂದೆ. ದೊಡ್ಡ ಆಟಗಾರ, ಎರಡು ಮಾತಿಲ್ಲ. ಆದರೆ ನೆಬ್ರಾಸ್ಕ ಎದುರು ಅವನು ಹತ್ತು ಕ್ಯಾಚ್ ಹಿಡಿದಾಗಲೂ ತಂಡ 28-10ರಿಂದ ಸೋತಿತು. ಕಾನ್ಸಸ್ ಎದುರು ಎರಡು ಟಚ್‌ಡೌನ್ ಮಾಡಿದಾಗಲೂ 37-21ರಿಂದ ಸೋತಿತು. ರಿಸೀವರ್ ಎಷ್ಟೇ ದೊಡ್ಡವನಾದರೂ ಚೆಂಡು ಬರಬೇಕಾದರೆ ಇನ್ನೊಬ್ಬ ಎಸೆಯಬೇಕು. ಕಾರ್ನರ್‌ಬ್ಯಾಕ್ ಎಷ್ಟೇ ದೊಡ್ಡವನಾದರೂ ಎದುರಾಳಿ ಆ ಕಡೆ ಹೋಗದೆ ಇರಬಹುದು. ಹಂಟರ್‌ನನ್ನು ತಪ್ಪಿಸಿ ಆಡಲು ದಾರಿ ಇತ್ತು. ಜೆಂಟಿಯನ್ನು ತಪ್ಪಿಸಲು ದಾರಿ ಇರಲಿಲ್ಲ. ಪಂದ್ಯಕ್ಕೆ ಇಪ್ಪತ್ತೈದು ಮೂವತ್ತು ಸಲ ಹನ್ನೊಂದು ಜನ ಅವನನ್ನೇ ಎದುರಿಸಬೇಕಿತ್ತು. ಮೌಂಟನ್ ವೆಸ್ಟ್ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಎದುರಾಳಿ ಯುಎನ್‌ಎಲ್‌ವಿಗೂ ಅದು ಗೊತ್ತಿತ್ತು. ಅಲ್ಲೂ 209 ಯಾರ್ಡ್ ಓಡಿದ, ಅದರಲ್ಲಿ 75 ಒಂದೇ ಓಟಕ್ಕೆ.

ಹೆಚ್ಚು ದುಡ್ಡು ಕೊಡುವ ದೊಡ್ಡ ಕಾಲೇಜುಗಳಿಗೆ ಹೋಗುವ ಅವಕಾಶ ಬಿಟ್ಟು ಬೋಯ್ಸಿಯಲ್ಲೇ ಉಳಿದ ಹುಡುಗ ಅವನು. ಇದಕ್ಕೆ ಅಂಕ ಕೊಡಿ ಅನ್ನುತ್ತಿಲ್ಲ. ಆದರೆ ಅದೇ ಜೆಂಟಿ, ಅದೇ 2,497 ಯಾರ್ಡ್, ಅಲಬಾಮಾದ ಅಂಗಿಯಲ್ಲಿ ಬಂದಿದ್ದರೆ 309 ಮೊದಲ ಮತ 600 ಆಗುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಅಂಕಿ ಲೆಕ್ಕ

ಅಲಬಾಮಾದ ಅಂಗಿಯಲ್ಲಿ ಎಸ್‌ಇಸಿ (ಅಲಬಾಮಾ ಇರುವ ಕಾನ್ಫರೆನ್ಸ್) ರಕ್ಷಣಾ ಪಡೆಗಳ ಎದುರು 2,497 ಬರುತ್ತಿತ್ತಾ ಅನ್ನುವುದು ಬೇರೆ ಪ್ರಶ್ನೆ. ಹೆನ್ರಿಗೆ 2015ರ ಇಡೀ ಋತುವಿನಲ್ಲಿ ಬಂದದ್ದು 2,219, ಅದೂ 15 ಪಂದ್ಯಗಳಲ್ಲಿ, 395 ಸಲ ಓಡಿ.

ಫ್ರಿಸ್ಕೋ ಕನ್ನಡಿಗ

ಸರಿ, 2,200 ಅಂತಲೇ ಇಟ್ಟುಕೊಳ್ಳಿ. ಹೆನ್ರಿಗೆ ಅಷ್ಟೇ ಸಾಕಾಯಿತು.

ಕೊಲಂಬಸ್ ಅಕ್ಕ

ನನ್ನ ಮತಪತ್ರ ಇದ್ದಿದ್ದರೆ ಹಂಟರ್ ಮೊದಲು, ಜೆಂಟಿ ಎರಡು. ಜೆಂಟಿಯಂಥ ಋತು ನನ್ನ ಮಗಳು ಮತ್ತೆ ನೋಡಬಹುದು, ರನ್ನಿಂಗ್ ಬ್ಯಾಕ್‌ಗಳು ಬರುತ್ತಲೇ ಇರುತ್ತಾರೆ. ಹಂಟರ್‌ನಂಥದ್ದು ನೋಡಲು ಯಾರಾದರೂ ಕೋಚ್ ಮತ್ತೆ ಅಷ್ಟು ಧೈರ್ಯ ಮಾಡಬೇಕು. ಅವನ ಕೋಚ್ ಡಿಯಾನ್ ಸ್ಯಾಂಡರ್ಸ್ ಹಿಂದಿನ ಕಾಲೇಜು ಜಾಕ್ಸನ್ ಸ್ಟೇಟ್‌ನಿಂದಲೇ ಅವನಿಗೆ ಎರಡೂ ಕಡೆ ಆಡಲು ಬಿಟ್ಟರು. ಬೇರೆಯವರಾಗಿದ್ದರೆ ಮೊದಲ ದಿನವೇ ಒಂದು ಆರಿಸಿಕೋ ಅನ್ನುತ್ತಿದ್ದರು.

ಹಾಸನದ ಹುಡುಗ

ನಾನು ಜೆಂಟಿ ಕಡೆ. ಆರೆಗನ್ ಪಂದ್ಯ ಪೂರ್ತಿ ಎಲ್ಲಿ ಸಿಗುತ್ತದೆ ಯಾರಾದರೂ ಹೇಳಿ, ಈ ಭಾನುವಾರ ಕೂತು ನೋಡಬೇಕು.